ದಿನ ತುಂಬುವುದೆಂದರೆ ಎಷ್ಟು ದಿನ?

ಹೆರಿಗೆ ಹತ್ತಿರವಾದ ಹೆಂಗಸನ್ನು ನಮ್ಮಲ್ಲಿ ‘ದಿನ ತುಂಬಿದ ಬಸುರಿ’ ಎನ್ನುತ್ತಾರೆ. ಎಷ್ಟು ದಿನ ತುಂಬಬೇಕು ಎಂದು ಕೇಳಿದರೆ ‘ಒಂಬತ್ತು ತಿಂಗಳು, ಒಂಬತ್ತು ದಿನ’ ಎಂಬ ಉತ್ತರ ಹಿರಿಯರ ನಾಲಿಗೆಯ ಮೇಲೆಯೇ ಇರುತ್ತದೆ. ಆಸ್ಪತ್ರೆಯವರು ಚೀಟಿಯಲ್ಲಿ ಒಂದು ತಾರೀಕನ್ನೇ ಬರೆದುಕೊಡುತ್ತಾರೆ. ಲೆಕ್ಕ ಸರಳವಾಗಿಯೇ ಕಾಣುತ್ತದೆ. ಆದರೆ ಇದರ ಚರಿತ್ರೆಯನ್ನು ಕೆದಕಿದರೆ ಅದು ಬರೀ ವೈದ್ಯರ ಮತ್ತು ಸೂಲಗಿತ್ತಿಯರ ಚರಿತ್ರೆಯಾಗಿ ಉಳಿಯುವುದಿಲ್ಲ. ಹೆಣ್ಣಿನ ಮಾನ, ಮಗುವಿನ ಹಕ್ಕು, ಕೆಲವೊಮ್ಮೆ ಪ್ರಾಣವೇ ಈ ಎಣಿಕೆಯ ಮೇಲೆ ನಿಂತಿತ್ತು.

ಎಣಿಕೆಯ ತೊಡಕಿರುವುದು ಅದರ ಆರಂಭದಲ್ಲಿ. ಹೆರಿಗೆಯ ದಿನ ಎಲ್ಲರಿಗೂ ಕಾಣುತ್ತದೆ, ಗರ್ಭ ನಿಂತ ದಿನ ಯಾರಿಗೂ ಕಾಣುವುದಿಲ್ಲ. ಸಸ್ತನಿಗಳ ಅಂಡಾಣುವನ್ನು ಕಾರ್ಲ್ ಅರ್ನ್ಸ್ಟ್ ಫಾನ್ ಬೇರ್ ಗುರುತಿಸಿದ್ದೇ 1827ರಲ್ಲಿ. ಅದು ತಿಂಗಳ ಯಾವ ಹೊತ್ತಿನಲ್ಲಿ ಬಿಡುಗಡೆಯಾಗುತ್ತದೆ ಎಂಬುದನ್ನು ಜಪಾನಿನ ಒಗಿನೊ ಮತ್ತು ಆಸ್ಟ್ರಿಯಾದ ಕ್ನೌಸ್ ಬೇರೆಬೇರೆಯಾಗಿ ಕಂಡುಕೊಂಡದ್ದು 1920ರ ದಶಕದಲ್ಲಿ. ಅಲ್ಲಿಯವರೆಗೆ ಇದ್ದ ಆಧಾರಗಳು ಎರಡೇ: ನಿಂತ ಮುಟ್ಟು ಮತ್ತು ಹೊಟ್ಟೆಯೊಳಗಿನ ಮೊದಲ ಮಿಸುಕಾಟ.

ಉಳಿದ ಪ್ರಾಣಿಗಳ ಗರ್ಭಾವಧಿ ನಿಶ್ಚಿತ, ಮನುಷ್ಯರದ್ದು ಮಾತ್ರ ಏಳರಿಂದ ಹತ್ತು ತಿಂಗಳವರೆಗೆ ಬದಲಾಗುತ್ತದೆ ಎಂದು ಅರಿಸ್ಟಾಟಲ್ ಭಾವಿಸಿದ್ದ. ಏಳು ತಿಂಗಳ ಮಗು ಉಳಿಯುತ್ತದೆ, ಎಂಟು ತಿಂಗಳದ್ದು ಉಳಿಯುವುದಿಲ್ಲ ಎಂಬ ನಂಬಿಕೆ ಗ್ರೀಕರಲ್ಲಿ ಬಲವಾಗಿತ್ತು. ಎಂಟು ತಿಂಗಳ ಮಗು ಉಳಿದರೆ ಜನ ನಂಬಿಕೆಯನ್ನು ಸಂಶಯಿಸುತ್ತಿರಲಿಲ್ಲ, ತಾಯಿಯೇ ಲೆಕ್ಕ ತಪ್ಪಿರಬೇಕು ಎನ್ನುತ್ತಿದ್ದರು ಎಂಬುದನ್ನೂ ಅರಿಸ್ಟಾಟಲ್ ದಾಖಲಿಸಿದ್ದಾನೆ! ಭ್ರೂಣದ ಬೆಳವಣಿಗೆಯನ್ನು ತಿಂಗಳು ತಿಂಗಳಾಗಿ ವಿವರಿಸುವ ನಮ್ಮ ಚರಕ ಸಂಹಿತೆಯೂ ಎಂಟನೇ ತಿಂಗಳಲ್ಲಿ ಓಜಸ್ಸು ಅಸ್ಥಿರವಾಗಿರುತ್ತದೆ, ಆಗಿನ ಹೆರಿಗೆ ಅಪಾಯಕರ ಎನ್ನುತ್ತದೆ. ಈ ಮಾತು ಇಂದಿಗೂ ನಮ್ಮ ಮನೆಗಳಲ್ಲಿ ಕೇಳಿಬರುತ್ತದೆ. ಆದರೆ ಸತ್ಯ ಇದಕ್ಕೆ ವಿರುದ್ಧವಾಗಿದೆ. ಗರ್ಭದಲ್ಲಿ ಕಳೆದ ಒಂದೊಂದು ವಾರವೂ ಮಗುವಿಗೆ ಬಲ ಕೊಡುತ್ತದೆ. ಏಳು ತಿಂಗಳ ಮಗುವಿಗಿಂತ ಎಂಟು ತಿಂಗಳ ಮಗು ಉಳಿಯುವ ಸಾಧ್ಯತೆಯೇ ಹೆಚ್ಚು.

ಗರ್ಭದ ಲೆಕ್ಕ ನ್ಯಾಯಪೀಠವನ್ನು ತಲುಪಿದ ಪ್ರಸಂಗಗಳಲ್ಲಿ ಬಹಳ ಹಳೆಯದೊಂದು ಖಲೀಫರ ಕಾಲದ್ದು. ಮದುವೆಯಾದ ಆರೇ ತಿಂಗಳಿಗೆ ಹೆತ್ತ ಹೆಣ್ಣೊಬ್ಬಳ ಮೇಲೆ ವ್ಯಭಿಚಾರದ ಆರೋಪ ಬಂತು. ಆಗ ಹಝ್ರತ್ ಅಲಿ (ರ) ಪವಿತ್ರ ಕುರ್‌ಆನಿನ ಎರಡು ವಚನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಗರ್ಭ ಮತ್ತು ಹಾಲೂಡಿಕೆ ಸೇರಿ ಮೂವತ್ತು ತಿಂಗಳು ಎಂದು ಅಲ್ ಅಹ್ಕಾಫ್ ಅಧ್ಯಾಯ ಹೇಳುತ್ತದೆ. ಹಾಲೂಡಿಕೆಯ ಪೂರ್ಣಾವಧಿ ಎರಡು ವರ್ಷ ಎಂದು ಅಲ್ ಬಕರಾ ಹೇಳುತ್ತದೆ. ಮೂವತ್ತರಲ್ಲಿ ಇಪ್ಪತ್ತನಾಲ್ಕು ಕಳೆದರೆ ಉಳಿಯುವುದು ಆರು. ಆದ್ದರಿಂದ ಆರು ತಿಂಗಳಿಗೆ ಹೆರಿಗೆ ಸಾಧ್ಯ, ಈಕೆ ಶಿಕ್ಷಾರ್ಹಳಲ್ಲ ಎಂದು ಅವರು ವಾದಿಸಿದರು. ಹಝ್ರತ್ ಉಮರ್ (ರ) ಕಾಲದ್ದೆನ್ನುವ ವರದಿಯಲ್ಲಿ ಆಕೆಯ ಬಿಡುಗಡೆಯಾಗುತ್ತದೆ. ಇಮಾಮ್ ಮಾಲಿಕರ ‘ಮುವತ್ತಾ’ದಲ್ಲಿರುವ, ಹಝ್ರತ್ ಉಸ್ಮಾನ್ (ರ) ಕಾಲದ ವರದಿಯಲ್ಲಿ ಖಲೀಫರ ದೂತ ತಲುಪುವಷ್ಟರಲ್ಲಿ ಶಿಕ್ಷೆ ನಡೆದುಹೋಗಿರುತ್ತದೆ. ಒಂದು ಕಳೆಯುವ ಲೆಕ್ಕ ತಡವಾದರೆ ಏನಾಗಬಹುದು ಎಂಬುದಕ್ಕೆ ಇದಕ್ಕಿಂತ ಕಠೋರವಾದ ಸಾಕ್ಷಿ ಬೇಕಿಲ್ಲ.

ಗರ್ಭದ ಕನಿಷ್ಠ ಅವಧಿ ಆರು ತಿಂಗಳೆಂಬುದನ್ನು ಫಿಕ್ಹ್ ಪಂಡಿತರು ಒಪ್ಪಿಕೊಂಡರು. ಗರಿಷ್ಠ ಅವಧಿಯ ವಿಷಯದಲ್ಲಿ ಮಾತ್ರ ಭಿನ್ನಮತ ಉಳಿಯಿತು. ಹನಫಿಗಳು ಎರಡು ವರ್ಷ ಎಂದರೆ ಶಾಫಿಈಗಳು ನಾಲ್ಕು ವರ್ಷ ಎಂದರು. ಸ್ಪೇನಿನ ಇಬ್ನ್ ಹಝ್ಮ್ ಒಂಬತ್ತು ತಿಂಗಳಿಗೇ ಗೆರೆ ಎಳೆದರು. ನಾಲ್ಕು ವರ್ಷದ ಗರ್ಭ ವೈದ್ಯಶಾಸ್ತ್ರಕ್ಕೆ ಒಗ್ಗುವ ಮಾತಲ್ಲ. ಆದರೆ ಆ ಉದಾರ ಗಡುವಿನಿಂದಾಗಿ ವಿಧವೆಯರು ಮತ್ತು ತಲಾಕ್ ಪಡೆದ ತಾಯಂದಿರು ಶಿಕ್ಷೆಯಿಂದ, ಮಕ್ಕಳು ತಂದೆಯಿಲ್ಲದವರೆಂಬ ಹಣೆಪಟ್ಟಿಯಿಂದ ಪಾರಾದರೆಂಬುದನ್ನು ಮರೆಯಬಾರದು. ಈಜಿಪ್ಟ್ 1929ರ ಕಾನೂನಿನಲ್ಲಿ ಈ ಗಡುವನ್ನು ಒಂದು ವರ್ಷಕ್ಕೆ ಇಳಿಸಿತು.

ಯುರೋಪಿನಲ್ಲೂ ಈ ಪ್ರಶ್ನೆ ಕೋರ್ಟಿನ ಮೆಟ್ಟಿಲೇರಿತ್ತು. ಇಂಗ್ಲೆಂಡಿನಲ್ಲಿ ಗಾರ್ಡ್‌ನರ್ ಮನೆತನದ ಪದವಿ ಯಾರಿಗೆ ಸೇರಬೇಕೆಂಬ ವಿವಾದ 1825ರಲ್ಲಿ ಪಾರ್ಲಿಮೆಂಟಿನ ಪ್ರಭುಗಳ ಮುಂದೆ ಬಂತು. ನೌಕಾಧಿಕಾರಿ ಗಂಡ ಹಡಗೇರಿ ಹೋದ ಸುಮಾರು 311 ದಿನಗಳ ನಂತರ ಮಗು ಹುಟ್ಟಿತ್ತು. ಅಷ್ಟು ದಿನ ಗರ್ಭ ನಿಲ್ಲಬಲ್ಲದೇ ಎಂಬ ಬಗ್ಗೆ ಸಾಕ್ಷಿ ನುಡಿದ ವೈದ್ಯರಲ್ಲೇ ಒಮ್ಮತವಿರಲಿಲ್ಲ. ತೀರ್ಪು ಆ ಮಗುವಿನ ವಿರುದ್ಧವಾಯಿತು.

ಇಂದು ಎಲ್ಲ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿರುವ ಸೂತ್ರ ಜರ್ಮನಿಯ ಹೈಡಲ್‌ಬರ್ಗಿನ ಪ್ರಸೂತಿ ವೈದ್ಯ ಫ್ರಾಂಝ್ ಕಾರ್ಲ್ ನೇಗಲೆ (1778-1851) ಹೆಸರಿನಲ್ಲಿದೆ. ಕೊನೆಯ ಮುಟ್ಟಿನ ತಾರೀಕಿಗೆ ಏಳು ದಿನ ಕೂಡಿಸಿ ಮೂರು ತಿಂಗಳು ಹಿಂದೆ ಹೋಗುವುದು ಈ ಸೂತ್ರ. ಜನವರಿ 10 ಆದರೆ ಅಕ್ಟೋಬರ್ 17, ಅಂದರೆ ಸುಮಾರು 280 ದಿನ. ನೇಗಲೆ ಇದನ್ನು ಪಡೆದದ್ದು ಡಚ್ ವೈದ್ಯ ಬೂರ್‌ಹಾವನಿಂದ. ಮುಟ್ಟಿನ ಮೊದಲ ದಿನದಿಂದಲೋ ಕೊನೆಯ ದಿನದಿಂದಲೋ ಎಂಬುದನ್ನು ಇಬ್ಬರೂ ಸ್ಪಷ್ಟಪಡಿಸಲಿಲ್ಲ. ಮೊದಲ ದಿನದಿಂದ ಎಣಿಸುವ ಪದ್ಧತಿ ನೆಲೆಯೂರಿದ್ದು ನಂತರ.

280 ದಿನ ಎಂಬ ಈ ಸಂಖ್ಯೆ ನಮ್ಮ ದೇಶದ ಕಾನೂನಿಗೂ ಬಂತು. ದಾಂಪತ್ಯ ಕೊನೆಗೊಂಡ 280 ದಿನಗಳೊಳಗೆ, ತಾಯಿ ಮರುಮದುವೆಯಾಗದಿರುವಾಗ ಹುಟ್ಟಿದ ಮಗು ಆ ಗಂಡನದ್ದೇ ಎಂದು 1872ರ ಸಾಕ್ಷ್ಯ ಕಾಯ್ದೆಯ 112ನೇ ಕಲಮು ಹೇಳಿತು. ಆ ಅವಧಿಯಲ್ಲಿ ದಂಪತಿಗಳು ಕೂಡುವ ಅವಕಾಶವೇ ಇರಲಿಲ್ಲವೆಂದು ಸಾಬೀತಾದರೆ ಮಾತ್ರ ವಿನಾಯಿತಿ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 116ನೇ ಕಲಮಿನಲ್ಲೂ ಇದೇ ಸಂಖ್ಯೆ ಮುಂದುವರಿದಿದೆ.

ಗರ್ಭದೊಳಗೆ ನೇರವಾಗಿ ಇಣುಕಲು ಸಾಧ್ಯವಾದದ್ದು ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು 1958ರಲ್ಲಿ ಶಬ್ದತರಂಗದ ಚಿತ್ರಗಳನ್ನು ಪ್ರಕಟಿಸಿದ ಮೇಲೆ. ಅದೇ ಊರಿನ ಹ್ಯೂ ರಾಬಿನ್ಸನ್ ಭ್ರೂಣದ ತಲೆಯಿಂದ ಪೃಷ್ಠದವರೆಗಿನ ಉದ್ದ ಅಳೆದು ಅದರ ವಯಸ್ಸು ಹೇಳುವ ವಿಧಾನವನ್ನು 1973ರಲ್ಲಿ ತೋರಿಸಿಕೊಟ್ಟರು. ಮೊದಲ ಮೂರು ತಿಂಗಳಲ್ಲಿ ಮಾಡಿದ ಸ್ಕ್ಯಾನಿಂಗ್ ಹೆಚ್ಚೆಂದರೆ ಒಂದು ವಾರ ಹೆಚ್ಚುಕಡಿಮೆಯಾದೀತು. ತಿಂಗಳುಗಳು ಕಳೆದಂತೆ ಅದರ ನಿಖರತೆಯೂ ಕಡಿಮೆಯಾಗುತ್ತದೆ. ಅಷ್ಟಾದರೂ ಚೀಟಿಯ ತಾರೀಕಿನಂದೇ ಹೆರುವವರು ನೂರಕ್ಕೆ ಸುಮಾರು ಐದು ಮಂದಿ. 37 ವಾರ ತುಂಬಿ 42 ವಾರದೊಳಗೆ ಆಗುವ ಹೆರಿಗೆಯೆಲ್ಲ ದಿನ ತುಂಬಿದ ಹೆರಿಗೆಯೇ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ವೈದ್ಯರ ಎಣಿಕೆ ಶುರುವಾಗುವುದು ಮುಟ್ಟಿನಿಂದ. ಗರ್ಭ ನಿಲ್ಲುವುದು ಸಾಮಾನ್ಯವಾಗಿ ಎರಡು ವಾರಗಳ ನಂತರ. ಹಾಗಾಗಿ ಮದುವೆಯಾದ ದಿನವೇ ಗರ್ಭ ನಿಂತು 37 ವಾರಕ್ಕೆ ಹೆರಿಗೆಯಾದರೆ, ಮದುವೆಯಿಂದ ಎಣಿಸಿದಾಗ ಸಿಗುವುದು 35 ವಾರ, ಅಂದರೆ ಎಂಟು ತಿಂಗಳು. ಮಗು ದಿನ ತುಂಬಿಯೇ ಹುಟ್ಟಿದೆ, ತಾಯಿ ಯಾವ ತಪ್ಪೂ ಮಾಡಿಲ್ಲ. ಆದರೆ ನೆರೆಹೊರೆಯವರು ಬೆರಳು ಮಡಚುತ್ತಾರೆ, ಅತ್ತೆ ಮನೆಯಲ್ಲಿ ಪಿಸುಮಾತು ಹುಟ್ಟುತ್ತದೆ.

ಮುಟ್ಟಿನ ತಾರೀಕು ಬರೆದಿಡುವುದು, ಮೊದಲ ಮೂರು ತಿಂಗಳೊಳಗೆ ವೈದ್ಯರನ್ನು ಕಾಣುವುದು ಇಂದು ಕಷ್ಟದ ಕೆಲಸಗಳೇನಲ್ಲ. ಅದಕ್ಕಿಂತ ಕಷ್ಟವಾದದ್ದು, ಈ ಲೆಕ್ಕ ಯಾವತ್ತೂ ಅಂದಾಜೇ ಎಂದು ಒಪ್ಪಿಕೊಳ್ಳುವುದು. ಅಂದಾಜಿನಲ್ಲಿ ಸಂಶಯ ಉಳಿದರೆ ಅದರ ಲಾಭ ತಾಯಿಗೆ ಸಲ್ಲಬೇಕು. ಹದಿಮೂರು ಶತಮಾನಗಳ ಹಿಂದಿನ ಆ ಆರು ತಿಂಗಳ ಲೆಕ್ಕದಲ್ಲಿ ಇದ್ದ ನ್ಯಾಯ ಅದೇ ಅಲ್ಲವೇ?