ಬ್ಯಾಟರಿ ಪ್ಯಾಕ್ ಮೇಲ್ವಿಚಾರಣಾ ಸರ್ಕ್ಯೂಟ್ ಬೋರ್ಡುಗಳ ಪೇಟೆಂಟ್ ಪರೀಕ್ಷೆ: ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ವಿದ್ಯುತ್ ಚಾಲಿತ ವಾಹನಗಳು, ಸೌರಶಕ್ತಿ ಸಂಗ್ರಹ ಘಟಕಗಳು ಹಾಗೂ ಮನೆ ಬಳಕೆಯ ಇನ್ವರ್ಟರ್‌ಗಳಲ್ಲಿ ಲಿಥಿಯಂ ಅಯಾನು ಬ್ಯಾಟರಿಗಳ ಬಳಕೆ ಹೆಚ್ಚಾಗಿದೆ. ಇವುಗಳ ಸುರಕ್ಷತೆಯು ಪ್ಯಾಕಿನೊಳಗೆ ಅಳವಡಿಸಲಾದ ಮೇಲ್ವಿಚಾರಣಾ ಸರ್ಕ್ಯೂಟ್ ಬೋರ್ಡನ್ನು ಬಹುಮಟ್ಟಿಗೆ ಅವಲಂಬಿಸಿರುತ್ತದೆ. ಕರ್ನಾಟಕ ಸರ್ಕಾರವು 2017ರಲ್ಲಿ ವಿದ್ಯುತ್ ವಾಹನ ಮತ್ತು ಶಕ್ತಿ ಸಂಗ್ರಹಣಾ ನೀತಿಯನ್ನು ಪ್ರಕಟಿಸಿದ ತರುವಾಯ ರಾಜ್ಯದ ಸಣ್ಣ ಉದ್ಯಮಗಳು, ನವೋದ್ಯಮಗಳು ಹಾಗೂ ಎಂಜಿನಿಯರಿಂಗ್ ಕಾಲೇಜುಗಳಿಗೂ ಈ ಕ್ಷೇತ್ರ ಪರಿಚಿತವಾಗಿದೆ.

ಇಂತಹ ಬೋರ್ಡುಗಳಿಗೆ ಪೇಟೆಂಟ್ ಕೋರುವವರು ಒಂದು ಮುಖ್ಯ ಸಂಗತಿಯನ್ನು ಗಮನಿಸಬೇಕು. ಪೇಟೆಂಟ್ ದೊರೆಯುವುದು ಬೋರ್ಡಿನ ಮೇಲಿರುವ ಬಿಡಿಭಾಗಗಳ ಪಟ್ಟಿಗಲ್ಲ. ಆ ಭಾಗಗಳು ಪರಸ್ಪರ ಕೂಡಿ ಯಾವ ತಾಂತ್ರಿಕ ಸಮಸ್ಯೆಯನ್ನು ಹೇಗೆ ಪರಿಹರಿಸುತ್ತವೆ ಎಂಬುದಕ್ಕೆ. ಆ ಸಂಬಂಧವನ್ನು ಅರ್ಜಿ ಸಲ್ಲಿಸುವ ದಿನದಂದೇ ಬರೆದಿರಿಸದಿದ್ದಲ್ಲಿ ಅನಂತರ ಸೇರಿಸಲು ಕಾನೂನಿನಲ್ಲಿ ಅವಕಾಶವಿರುವುದಿಲ್ಲ. ಈ ಬಗ್ಗೆ ಅರ್ಜಿದಾರರಿಗೆ ತಿಳಿವಳಿಕೆ ನೀಡುವುದು ಈ ಪುಟದ ಉದ್ದೇಶವಾಗಿದೆ.

2. ಮೇಲ್ವಿಚಾರಣಾ ಬೋರ್ಡಿನ ಕಾರ್ಯ

ಒಂದು ಲಿಥಿಯಂ ಅಯಾನು ಕೋಶದ ಸಾಮಾನ್ಯ ವೋಲ್ಟೇಜು ಸುಮಾರು 3.6 ವೋಲ್ಟ್ ಇದ್ದು, ಪೂರ್ಣ ಚಾರ್ಜ್ ಆದಾಗ ಸಾಧಾರಣವಾಗಿ 4.2 ವೋಲ್ಟ್ ಆಗಿರುತ್ತದೆ. ಇಂತಹ 14 ಕೋಶಗಳನ್ನು ಸರಣಿಯಲ್ಲಿ ಜೋಡಿಸಿದಾಗ ಸುಮಾರು 50 ವೋಲ್ಟಿನ ಪ್ಯಾಕ್ ಆಗುತ್ತದೆ. ಸರಣಿಯಲ್ಲಿರುವ ಯಾವುದೇ ಒಂದು ಕೋಶ ಮಿತಿಮೀರಿ ಚಾರ್ಜ್ ಆದರೂ, ಮಿತಿಮೀರಿ ಬರಿದಾದರೂ, ಅತಿಯಾಗಿ ಬಿಸಿಯಾದರೂ ಅಪಾಯವುಂಟು. ಆದುದರಿಂದ ಬೋರ್ಡು ಸಾಮಾನ್ಯವಾಗಿ ಈ ಕೆಳಕಂಡ ಕಾರ್ಯಗಳನ್ನು ನಿರ್ವಹಿಸುತ್ತದೆ:

(1) ಪ್ರತಿಯೊಂದು ಕೋಶದ ವೋಲ್ಟೇಜನ್ನು ಪ್ರತ್ಯೇಕವಾಗಿ ಅಳೆಯುವುದು.
(2) ಥರ್ಮಿಸ್ಟರ್‌ಗಳ ಮೂಲಕ ಉಷ್ಣತೆಯನ್ನು ಅಳೆಯುವುದು.
(3) ಅಲ್ಪ ಪ್ರಮಾಣದ ರೋಧಕದ ಮೂಲಕ ಪ್ಯಾಕಿನ ವಿದ್ಯುತ್ ಪ್ರವಾಹವನ್ನು ಅಳೆಯುವುದು.
(4) ಹೆಚ್ಚು ಚಾರ್ಜ್ ಆಗಿರುವ ಕೋಶದಿಂದ ಸ್ವಲ್ಪ ವಿದ್ಯುತ್ತನ್ನು ರೋಧಕದ ಮೂಲಕ ಹರಿಸಿ ಕೋಶಗಳನ್ನು ಸಮತೋಲನಕ್ಕೆ ತರುವುದು.
(5) ಮಿತಿ ಮೀರಿದಾಗ ಪ್ಯಾಕಿನ ಸಂಪರ್ಕವನ್ನು ಕಡಿದುಹಾಕುವುದು.

ಈ ಕಾರ್ಯಗಳೆಲ್ಲವೂ ತಂತ್ರಜ್ಞರಿಗೆ ಬಹುಕಾಲದಿಂದ ತಿಳಿದಿರುವಂಥವು. ಆವಿಷ್ಕಾರಕ್ಕೆ ಅವಕಾಶವಿರುವುದು ಇವುಗಳನ್ನು ನೆರವೇರಿಸುವಾಗ ಎದುರಾಗುವ ತೊಡಕುಗಳಲ್ಲಿ. ಉದಾಹರಣೆಗೆ, ಲಿಥಿಯಂ ಐರನ್ ಫಾಸ್ಫೇಟ್ ಕೋಶದ ವೋಲ್ಟೇಜು ಚಾರ್ಜಿನ ಬಹುಪಾಲು ವ್ಯಾಪ್ತಿಯಲ್ಲಿ 3.2ರಿಂದ 3.3 ವೋಲ್ಟಿನ ಆಸುಪಾಸಿನಲ್ಲಿಯೇ ನಿಲ್ಲುವುದರಿಂದ, ಕೆಲವೇ ಮಿಲಿವೋಲ್ಟಿನ ಅಳತೆಯ ದೋಷವೂ ಉಳಿದಿರುವ ಚಾರ್ಜಿನ ಅಂದಾಜನ್ನು ತಪ್ಪಿಸಬಲ್ಲದು. ಕೋಶಗಳಿಗೆ ಜೋಡಿಸಿದ ಅಳತೆಯ ತಂತಿಗಳಲ್ಲಿ ಸದಾಕಾಲ ವೋಲ್ಟೇಜು ಇರುವುದರಿಂದ, ಅವು ಒಂದಕ್ಕೊಂದು ತಗುಲಿದರೆ ಶಾರ್ಟ್ ಸರ್ಕ್ಯೂಟ್ ಸಂಭವಿಸಬಹುದು.

3. ಅರ್ಜಿ ಮತ್ತು ಪರೀಕ್ಷೆಗಾಗಿ ಕೋರಿಕೆ

ಭಾರತದಲ್ಲಿ ಪೇಟೆಂಟುಗಳು ಪೇಟೆಂಟ್ ಅಧಿನಿಯಮ, 1970 ಮತ್ತು ಪೇಟೆಂಟ್ ನಿಯಮಗಳು, 2003ರ ಉಪಬಂಧಗಳಿಗೆ ಒಳಪಟ್ಟಿರುತ್ತವೆ. ಪೇಟೆಂಟ್ ಕಚೇರಿಗಳು ಕೋಲ್ಕತ್ತ, ದೆಹಲಿ, ಮುಂಬಯಿ ಮತ್ತು ಚೆನ್ನೈಗಳಲ್ಲಿವೆ. ಕರ್ನಾಟಕದ ಅರ್ಜಿದಾರರು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತಾರೆ. ಅರ್ಜಿಯನ್ನು ವಿದ್ಯುನ್ಮಾನ ವಿಧಾನದಲ್ಲಿ ಸಲ್ಲಿಸಬಹುದಾಗಿದ್ದು, ಇದಕ್ಕಾಗಿ ಚೆನ್ನೈಗೆ ತೆರಳುವ ಅವಶ್ಯಕತೆ ಇರುವುದಿಲ್ಲ.

ಅರ್ಜಿಯನ್ನು ನಮೂನೆ 1ರಲ್ಲಿಯೂ ವಿವರಣಾ ಪತ್ರವನ್ನು ನಮೂನೆ 2ರಲ್ಲಿಯೂ ಸಲ್ಲಿಸತಕ್ಕದ್ದು. ಸಂಶೋಧನೆ ಪೂರ್ಣಗೊಳ್ಳದಿದ್ದಲ್ಲಿ ಮೊದಲು ತಾತ್ಕಾಲಿಕ ವಿವರಣಾ ಪತ್ರವನ್ನು ಸಲ್ಲಿಸಿ, 12 ತಿಂಗಳೊಳಗೆ ಪೂರ್ಣ ವಿವರಣಾ ಪತ್ರವನ್ನು ಸಲ್ಲಿಸಬಹುದು. ಅರ್ಜಿಯು ಸಾಮಾನ್ಯವಾಗಿ 18 ತಿಂಗಳ ಬಳಿಕ ಪೇಟೆಂಟ್ ಕಚೇರಿಯ ನಿಯತಕಾಲಿಕದಲ್ಲಿ ಪ್ರಕಟವಾಗುತ್ತದೆ. ಶೀಘ್ರ ಪ್ರಕಟಣೆ ಬಯಸುವವರು ನಮೂನೆ 9ರಲ್ಲಿ ಕೋರಬಹುದು.

ಅರ್ಜಿ ಸಲ್ಲಿಸಿದ ಮಾತ್ರಕ್ಕೆ ಪರೀಕ್ಷೆ ಪ್ರಾರಂಭವಾಗುವುದಿಲ್ಲ. ನಮೂನೆ 18ರಲ್ಲಿ ಪ್ರತ್ಯೇಕ ಕೋರಿಕೆಯನ್ನು ಸಲ್ಲಿಸತಕ್ಕದ್ದು. 2024ರ ಮಾರ್ಚ್ 15ರಂದು ಮತ್ತು ಅನಂತರ ಸಲ್ಲಿಸಿದ ಅರ್ಜಿಗಳಿಗೆ ಈ ಕಾಲಮಿತಿ 31 ತಿಂಗಳು; ಅದಕ್ಕೂ ಹಿಂದಿನ ಅರ್ಜಿಗಳಿಗೆ 48 ತಿಂಗಳು. ಆದ್ಯತಾ ದಿನಾಂಕ ಅಥವಾ ಸಲ್ಲಿಕೆಯ ದಿನಾಂಕ, ಇವುಗಳಲ್ಲಿ ಮೊದಲಿನದರಿಂದ ಈ ಅವಧಿಯನ್ನು ಎಣಿಸಲಾಗುತ್ತದೆ. ಅವಧಿಯೊಳಗೆ ಕೋರಿಕೆ ಸಲ್ಲಿಸದಿದ್ದಲ್ಲಿ ಅರ್ಜಿಯನ್ನು ಹಿಂತೆಗೆದುಕೊಂಡಂತೆ ಭಾವಿಸಲಾಗುತ್ತದೆ. ಮಾನ್ಯತೆ ಪಡೆದ ನವೋದ್ಯಮಗಳು, ಸಣ್ಣ ಘಟಕಗಳು ಹಾಗೂ ಮಹಿಳಾ ಅರ್ಜಿದಾರರು ಸೇರಿದಂತೆ ನಿಯಮಗಳಲ್ಲಿ ಹೇಳಿರುವ ವರ್ಗದವರು ನಮೂನೆ 18-ಎ ಮೂಲಕ ತ್ವರಿತ ಪರೀಕ್ಷೆಯನ್ನು ಕೋರಬಹುದು.

4. ವರ್ಗೀಕರಣ ಮತ್ತು ಶೋಧ

ಪರೀಕ್ಷಕರು ಮೊದಲು ಅಂತರರಾಷ್ಟ್ರೀಯ ಪೇಟೆಂಟ್ ವರ್ಗೀಕರಣದ ಆಧಾರದ ಮೇಲೆ ಹಿಂದಿನ ದಸ್ತಾವೇಜುಗಳನ್ನು ಶೋಧಿಸುತ್ತಾರೆ. ಬ್ಯಾಟರಿ ಮೇಲ್ವಿಚಾರಣಾ ಬೋರ್ಡು ಒಂದೇ ವರ್ಗಕ್ಕೆ ಸೇರುವುದಿಲ್ಲವೆಂಬುದು ಗಮನಾರ್ಹ. ಮುಖ್ಯ ವರ್ಗಗಳು ಹೀಗಿವೆ:

ಜಿ01ಆರ್ 31/36: ಬ್ಯಾಟರಿಗಳ ವಿದ್ಯುತ್ ಸ್ಥಿತಿಯ ಪರೀಕ್ಷೆ, ಅಳತೆ ಮತ್ತು ಮೇಲ್ವಿಚಾರಣೆ.
ಎಚ್01ಎಂ 10/48: ಸ್ಥಿತಿಯನ್ನು ಅಳೆಯುವ ಅಥವಾ ಸೂಚಿಸುವ ಸಾಧನಗಳೊಡನೆ ಕೂಡಿದ ಸಂಗ್ರಾಹಕ ಕೋಶಗಳು.
ಎಚ್02ಜೆ 7/00: ಬ್ಯಾಟರಿ ಚಾರ್ಜಿಂಗ್ ಸರ್ಕ್ಯೂಟುಗಳು.
ಬಿ60ಎಲ್ 58/10: ವಿದ್ಯುತ್ ವಾಹನಗಳ ಬ್ಯಾಟರಿಗಳ ಮೇಲ್ವಿಚಾರಣೆ ಮತ್ತು ನಿಯಂತ್ರಣ.
ಎಚ್05ಕೆ 1/02: ಮುದ್ರಿತ ಸರ್ಕ್ಯೂಟ್ ಬೋರ್ಡುಗಳ ರಚನೆಯ ವಿವರಗಳು.

ಬ್ಯಾಟರಿ ವರ್ಗಗಳಲ್ಲಿ ಮಾತ್ರ ಹುಡುಕಿ ತಮ್ಮದು ಹೊಸದೆಂದು ನಂಬಿದ ಅರ್ಜಿದಾರರಿಗೆ, ಸಾಮಾನ್ಯ ಸರ್ಕ್ಯೂಟ್ ಬೋರ್ಡುಗಳ ವರ್ಗದ ಹಳೆಯ ದಸ್ತಾವೇಜೊಂದು ಪರೀಕ್ಷಾ ವರದಿಯಲ್ಲಿ ಎದುರಾಗಬಹುದು. ಅರ್ಜಿಗೆ ಮುನ್ನವೇ ಈ ಎಲ್ಲ ವರ್ಗಗಳಲ್ಲಿ ಶೋಧ ನಡೆಸುವುದು ಸೂಕ್ತ.

5. ಪರೀಕ್ಷಕರು ಪರಿಶೀಲಿಸುವ ಅಂಶಗಳು

ಅಧಿನಿಯಮದ 2ನೇ ಪ್ರಕರಣದ ಪ್ರಕಾರ ಆವಿಷ್ಕಾರವು ಹೊಸದಾಗಿರಬೇಕು, ಆವಿಷ್ಕಾರಕ ಮುನ್ನಡೆಯನ್ನು ಒಳಗೊಂಡಿರಬೇಕು ಹಾಗೂ ಕೈಗಾರಿಕೆಯಲ್ಲಿ ಉಪಯೋಗಿಸಲು ಸಾಧ್ಯವಾಗುವಂತಿರಬೇಕು. ಆವಿಷ್ಕಾರಕ ಮುನ್ನಡೆಯೆಂದರೆ, ಈಗಿರುವ ಜ್ಞಾನಕ್ಕೆ ಹೋಲಿಸಿದಲ್ಲಿ ತಾಂತ್ರಿಕ ಪ್ರಗತಿ ಅಥವಾ ಆರ್ಥಿಕ ಮಹತ್ವ ಅಥವಾ ಇವೆರಡನ್ನೂ ಹೊಂದಿದ್ದು, ಆ ಶಾಸ್ತ್ರದಲ್ಲಿ ನುರಿತವರಿಗೆ ಸಹಜವಾಗಿ ಹೊಳೆಯದಂಥ ಲಕ್ಷಣ. ಬಿಸ್ವನಾಥ್ ಪ್ರಸಾದ್ ರಾಧೇಶ್ಯಾಮ್ ವಿರುದ್ಧ ಹಿಂದೂಸ್ತಾನ್ ಮೆಟಲ್ ಇಂಡಸ್ಟ್ರೀಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1978ರಲ್ಲಿ ನೀಡಿದ ತೀರ್ಪಿನಂತೆ, ಕಾರ್ಯಾಗಾರದಲ್ಲಿ ಯಾವ ಕುಶಲಕರ್ಮಿಯೂ ಮಾಡಬಹುದಾದ ಸಣ್ಣ ಸುಧಾರಣೆ ಪೇಟೆಂಟಿಗೆ ಸಾಲದು.

3ನೇ ಪ್ರಕರಣವು ಯಾವುವು ಆವಿಷ್ಕಾರಗಳಲ್ಲ ಎಂಬುದನ್ನು ತಿಳಿಸುತ್ತದೆ. ಈ ಕ್ಷೇತ್ರದಲ್ಲಿ ಮೂರು ಖಂಡಗಳು ಮುಖ್ಯ:

(ಎಫ್) ಖಂಡ: ತಮ್ಮ ತಮ್ಮ ಪಾಡಿಗೆ, ತಿಳಿದ ರೀತಿಯಲ್ಲಿಯೇ ಕೆಲಸ ಮಾಡುವ ಪರಿಚಿತ ಸಾಧನಗಳ ಬರಿಯ ಜೋಡಣೆ, ಮರುಜೋಡಣೆ ಅಥವಾ ಪುನರಾವರ್ತನೆ.

(ಕೆ) ಖಂಡ: ಗಣಿತ ವಿಧಾನ, ವ್ಯವಹಾರ ವಿಧಾನ, ಕೇವಲ ಕಂಪ್ಯೂಟರ್ ಪ್ರೋಗ್ರಾಂ ಅಥವಾ ಅಲ್ಗಾರಿದಂ. ಉಳಿದಿರುವ ಚಾರ್ಜನ್ನು ಲೆಕ್ಕಹಾಕುವ ಸೂತ್ರವೊಂದಕ್ಕೇ ಹಕ್ಕು ಕೋರಿದರೆ ಈ ಆಕ್ಷೇಪಣೆ ಬರುತ್ತದೆ. ಆದರೆ ಪ್ರೋಗ್ರಾಂ ಇದೆಯೆಂಬ ಒಂದೇ ಕಾರಣದಿಂದ ಅರ್ಜಿಯನ್ನು ತಳ್ಳಿಹಾಕಲಾಗದು. ತಾಂತ್ರಿಕ ಪರಿಣಾಮವನ್ನು ಪರಿಶೀಲಿಸಬೇಕೆಂದು ದೆಹಲಿ ಉಚ್ಚ ನ್ಯಾಯಾಲಯವು ಫರೀದ್ ಅಲ್ಲಾನಿ ಪ್ರಕರಣದಲ್ಲಿ 2019ರಲ್ಲಿ ಸ್ಪಷ್ಟಪಡಿಸಿದೆ.

(ಒ) ಖಂಡ: ಸಂಯೋಜಿತ ಸರ್ಕ್ಯೂಟುಗಳ, ಅಂದರೆ ಚಿಪ್‌ಗಳ, ಒಳವಿನ್ಯಾಸ. ಇದಕ್ಕೆ 2000ನೇ ಇಸವಿಯ ಪ್ರತ್ಯೇಕ ಅಧಿನಿಯಮದ ಅಡಿಯಲ್ಲಿ ರಕ್ಷಣೆಯಿದೆ. ಚಿಪ್‌ಗಳನ್ನು ಕೂರಿಸುವ ಬೋರ್ಡು ಬೇರೆಯೇ ವಸ್ತುವಾಗಿರುವುದರಿಂದ ಇವೆರಡನ್ನು ಒಂದೆಂದು ಭಾವಿಸಬಾರದು.

6. ಒಂದು ನಿದರ್ಶನ

ಕೆಳಗಿನ ನಿದರ್ಶನವನ್ನು ವಿವರಣೆಗಾಗಿ ಮಾತ್ರ ಕಲ್ಪಿಸಲಾಗಿದೆ.

14 ಕೋಶಗಳ ಪ್ಯಾಕಿನ ಬೋರ್ಡಿನಲ್ಲಿ ಪ್ರತಿ ಕೋಶಕ್ಕೂ 42 ಓಮ್‌ನ ಸಮತೋಲನ ರೋಧಕವಿದೆಯೆಂದು ಭಾವಿಸೋಣ. 4.2 ವೋಲ್ಟಿನಲ್ಲಿ ಪ್ರತಿ ರೋಧಕದಲ್ಲಿ 0.1 ಆಂಪಿಯರ್ ಹರಿದು 0.42 ವ್ಯಾಟ್ ಶಾಖ ಉಂಟಾಗುತ್ತದೆ. ಹದಿನಾಲ್ಕೂ ಒಟ್ಟಿಗೆ ಕೆಲಸ ಮಾಡಿದರೆ 5.88 ವ್ಯಾಟ್. ಈ ಶಾಖವು ಅದೇ ಬೋರ್ಡಿನಲ್ಲಿರುವ ಥರ್ಮಿಸ್ಟರನ್ನು ತಲುಪಿದರೆ, ಬೋರ್ಡು ಕೋಶದ ಉಷ್ಣತೆಯ ಬದಲು ತನ್ನದೇ ಬಿಸಿಯನ್ನು ಅಳೆದಂತಾಗುತ್ತದೆ.

ಮೊದಲನೆಯ ಅರ್ಜಿದಾರರು "ಅಳತೆಯ ಚಿಪ್, ಥರ್ಮಿಸ್ಟರ್, ಫ್ಯೂಸ್ ಮತ್ತು ಸಮತೋಲನ ರೋಧಕಗಳನ್ನು ಹೊಂದಿರುವ ಬೋರ್ಡು" ಎಂದು ಹಕ್ಕು ಕೋರುತ್ತಾರೆ. ಪ್ರತಿಯೊಂದು ಭಾಗವೂ ತನ್ನ ಎಂದಿನ ಕೆಲಸವನ್ನೇ ಮಾಡುವುದರಿಂದ (ಎಫ್) ಖಂಡದ ಆಕ್ಷೇಪಣೆ ಬಹುತೇಕ ನಿಶ್ಚಿತ. ಇಂತಹ ಬೋರ್ಡು ಮೊದಲೇ ಪ್ರಕಟವಾಗಿದ್ದರೆ ನವೀನತೆಯೂ ಇಲ್ಲವಾಗುತ್ತದೆ.

ಎರಡನೆಯ ಅರ್ಜಿದಾರರು ರೋಧಕಗಳ ಸಾಲಿಗೂ ಥರ್ಮಿಸ್ಟರಿಗೂ ನಡುವೆ ಬೋರ್ಡಿನಲ್ಲಿ ಸೀಳು ಕತ್ತರಿಸಿ, ಕೋಶದ ಧ್ರುವಕ್ಕೆ ತಗುಲಿದ ತಾಮ್ರದ ಪಟ್ಟಿಯೊಂದನ್ನು ಥರ್ಮಿಸ್ಟರಿನವರೆಗೆ ಎಳೆದಿದ್ದಾರೆ. ಅದೇ ಪಟ್ಟಿಯು ವೋಲ್ಟೇಜು ಅಳೆಯುವ ದಾರಿಯೂ ಆಗಿದೆ. ರೋಧಕಗಳ ಶಾಖ ತಡೆಯಲ್ಪಟ್ಟು ಕೋಶದ ಶಾಖ ಮಾತ್ರ ತಲುಪುವುದರಿಂದ ಸಮತೋಲನ ನಡೆಯುತ್ತಿರುವಾಗಲೂ ಉಷ್ಣತೆಯ ಅಳತೆ ಸರಿಯಾಗಿರುತ್ತದೆ. ಇಲ್ಲಿ ಭಾಗಗಳು ಒಂದನ್ನೊಂದು ಅವಲಂಬಿಸಿ ಕೆಲಸ ಮಾಡುತ್ತವೆ.

ಹಾಗೆಂದು ಎರಡನೆಯವರಿಗೆ ಪೇಟೆಂಟ್ ಖಚಿತವೆಂದಲ್ಲ. ಶಾಖ ತಡೆಯುವ ಸೀಳು ಒಂದು ದಸ್ತಾವೇಜಿನಲ್ಲಿಯೂ ತಾಮ್ರದ ಪಟ್ಟಿ ಮತ್ತೊಂದರಲ್ಲಿಯೂ ಇದ್ದಲ್ಲಿ, ನುರಿತ ವ್ಯಕ್ತಿಯು ಅವೆರಡನ್ನು ಸಹಜವಾಗಿಯೇ ಕೂಡಿಸುತ್ತಿದ್ದನೇ ಎಂಬ ಪ್ರಶ್ನೆಯನ್ನು ಪರೀಕ್ಷಕರು ಕೇಳುತ್ತಾರೆ. ಸೀಳು ಮಾತ್ರ ಇದ್ದಾಗ, ಪಟ್ಟಿ ಮಾತ್ರ ಇದ್ದಾಗ ಹಾಗೂ ಎರಡೂ ಇದ್ದಾಗ ತೆಗೆದ ಅಳತೆಗಳನ್ನು ವಿವರಣಾ ಪತ್ರದಲ್ಲಿ ನೀಡಿದ್ದರೆ ಉತ್ತರಕ್ಕೆ ಗಟ್ಟಿಯಾದ ಆಧಾರ ದೊರೆಯುತ್ತದೆ.

7. ವಿವರಣಾ ಪತ್ರವನ್ನು ಬರೆಯುವಾಗ

10ನೇ ಪ್ರಕರಣದಂತೆ ಆವಿಷ್ಕಾರವನ್ನೂ ಅದನ್ನು ಕಾರ್ಯಗತಗೊಳಿಸುವ, ಅರ್ಜಿದಾರರಿಗೆ ತಿಳಿದಿರುವ ಅತ್ಯುತ್ತಮ ವಿಧಾನವನ್ನೂ ಸಂಪೂರ್ಣವಾಗಿ ವಿವರಿಸತಕ್ಕದ್ದು. 59ನೇ ಪ್ರಕರಣದಂತೆ, ಮೂಲ ವಿವರಣಾ ಪತ್ರದಲ್ಲಿ ಇಲ್ಲದ ವಿಷಯವನ್ನು ತಿದ್ದುಪಡಿಯ ಮೂಲಕ ಸೇರಿಸುವಂತಿಲ್ಲ. ಹಕ್ಕುಕೋರಿಕೆಯನ್ನು ಹಿಗ್ಗಿಸುವಂತೆಯೂ ಇಲ್ಲ. ನಿದರ್ಶನದ ಎರಡನೆಯ ಅರ್ಜಿದಾರರು ಸೀಳಿನ ಪ್ರಯೋಜನವನ್ನು ಮೊದಲ ದಿನ ಬರೆಯದೆ ಚಿತ್ರದಲ್ಲಿಯೂ ತೋರಿಸದೆ ಬಿಟ್ಟಿದ್ದರೆ, ಬೋರ್ಡು ಎಷ್ಟೇ ಉತ್ತಮವಾಗಿದ್ದರೂ ಅವರ ಸ್ಥಿತಿ ಮೊದಲನೆಯವರಂತೆಯೇ ಆಗುತ್ತಿತ್ತು. ಆದುದರಿಂದ ಈ ಕೆಳಕಂಡವು ವಿವರಣಾ ಪತ್ರದಲ್ಲಿರುವುದು ಅವಶ್ಯ:

(1) ಹಿಂದಿನ ಬೋರ್ಡುಗಳ ನಿರ್ದಿಷ್ಟ ಕೊರತೆ.
(2) ಭಾಗಗಳ ಸ್ಥಾನ, ಅಂತರ ಮತ್ತು ಪರಸ್ಪರ ಸಂಪರ್ಕವನ್ನು ತೋರಿಸುವ, ಸಂಖ್ಯೆಗಳಿಂದ ಗುರುತಿಸಿದ ಚಿತ್ರಗಳು.
(3) ಪರಿಣಾಮ ಹೇಗೆ ಉಂಟಾಗುತ್ತದೆಂಬ ವಿವರಣೆ ಮತ್ತು ಅಳತೆಗಳು.
(4) ಒಂದಕ್ಕಿಂತ ಹೆಚ್ಚು ರೂಪಾಂತರಗಳು.
(5) ವಿಶಾಲವಾದ ಹಕ್ಕುಕೋರಿಕೆಯ ಜೊತೆಗೆ ಹಂತಹಂತವಾಗಿ ಸಂಕುಚಿತಗೊಳ್ಳುವ ಹಕ್ಕುಕೋರಿಕೆಗಳು.

8. ಪರೀಕ್ಷಾ ವರದಿ ಮತ್ತು ಮುಂದಿನ ಹಂತಗಳು

ಪರೀಕ್ಷೆಯ ಬಳಿಕ ಅರ್ಜಿದಾರರಿಗೆ ಮೊದಲ ಪರೀಕ್ಷಾ ವರದಿಯನ್ನು ಕಳುಹಿಸಲಾಗುತ್ತದೆ. ವರದಿಯಲ್ಲಿ ಆಕ್ಷೇಪಣೆಗಳಿರುವುದು ಸಾಮಾನ್ಯ. ಅದನ್ನು ತಿರಸ್ಕಾರವೆಂದು ಭಾವಿಸಬೇಕಾಗಿಲ್ಲ. ಆರು ತಿಂಗಳೊಳಗೆ ಉತ್ತರ ನೀಡತಕ್ಕದ್ದು. ಅವಧಿ ಮುಗಿಯುವ ಮುನ್ನ ನಮೂನೆ 4ರಲ್ಲಿ ಶುಲ್ಕಸಹಿತ ಕೋರಿದರೆ ಇನ್ನೂ ಮೂರು ತಿಂಗಳವರೆಗೆ ವಿಸ್ತರಣೆ ಪಡೆಯಬಹುದು. ಉತ್ತರ ನೀಡದಿದ್ದಲ್ಲಿ ಅರ್ಜಿಯನ್ನು ಕೈಬಿಟ್ಟಂತೆ ಭಾವಿಸಲಾಗುತ್ತದೆ. ಆಕ್ಷೇಪಣೆಗಳು ಉಳಿದರೆ ನಿಯಂತ್ರಕರು ಅಹವಾಲು ಆಲಿಸಿ ನಿರ್ಣಯ ಕೈಗೊಳ್ಳುತ್ತಾರೆ. ತಿರಸ್ಕಾರದ ಆದೇಶದ ವಿರುದ್ಧ ಮೂರು ತಿಂಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿಯು 2021ರಲ್ಲಿ ರದ್ದಾದುದರಿಂದ ಇಂತಹ ಮೇಲ್ಮನವಿಗಳನ್ನು ಉಚ್ಚ ನ್ಯಾಯಾಲಯವು ವಿಚಾರಣೆ ಮಾಡುತ್ತದೆ.

ಅರ್ಜಿ ಪ್ರಕಟವಾದ ಬಳಿಕ ಮಂಜೂರಾತಿಗೆ ಮುನ್ನ ಯಾವುದೇ ವ್ಯಕ್ತಿ ವಿರೋಧ ಸಲ್ಲಿಸಬಹುದು. ಮಂಜೂರಾತಿ ಪ್ರಕಟವಾದ ಒಂದು ವರ್ಷದೊಳಗೆ ಹಿತಾಸಕ್ತ ವ್ಯಕ್ತಿಗಳು ವಿರೋಧಿಸಬಹುದು. ಪೇಟೆಂಟಿನ ಅವಧಿಯು ಅರ್ಜಿ ಸಲ್ಲಿಸಿದ ದಿನಾಂಕದಿಂದ 20 ವರ್ಷಗಳಾಗಿದ್ದು, ನವೀಕರಣ ಶುಲ್ಕ ಪಾವತಿಗೆ ಒಳಪಟ್ಟಿರುತ್ತದೆ.

9. ಅರ್ಜಿದಾರರು ವಹಿಸಬೇಕಾದ ಎಚ್ಚರಿಕೆಗಳು

(1) ಅರ್ಜಿ ಸಲ್ಲಿಸುವ ಮುನ್ನ ಬೋರ್ಡನ್ನು ಮಾರಾಟ ಮಾಡುವುದು, ಪ್ರಬಂಧ ಅಥವಾ ಯೋಜನಾ ವರದಿಯನ್ನು ಪ್ರಕಟಿಸುವುದು, ಅಂತರಜಾಲದಲ್ಲಿ ಚಿತ್ರ ಸಹಿತ ವಿವರ ನೀಡುವುದು ನವೀನತೆಗೆ ಧಕ್ಕೆ ತರಬಹುದು. ಕೇಂದ್ರ ಸರ್ಕಾರ ಅಧಿಸೂಚಿಸಿದ ಪ್ರದರ್ಶನ ಹಾಗೂ ವಿದ್ವತ್ ಸಂಸ್ಥೆಯ ಮುಂದೆ ಓದಿದ ಪ್ರಬಂಧಗಳಿಗೆ 12 ತಿಂಗಳ ರಿಯಾಯಿತಿ ಇದೆಯಾದರೂ ಅದರ ವ್ಯಾಪ್ತಿ ಬಹಳ ಕಿರಿದು.

(2) ಭಾರತದ ನಿವಾಸಿಗಳು ಅನುಮತಿ ಪಡೆಯದೆ ಮೊದಲಿಗೇ ವಿದೇಶದಲ್ಲಿ ಅರ್ಜಿ ಸಲ್ಲಿಸುವಂತಿಲ್ಲ. ಅನುಮತಿಯಿಲ್ಲದೆ ಸಲ್ಲಿಸಬೇಕಾದಲ್ಲಿ ಭಾರತದಲ್ಲಿ ಅರ್ಜಿ ಸಲ್ಲಿಸಿ ಕನಿಷ್ಠ ಆರು ವಾರ ಕಾಯತಕ್ಕದ್ದು.

(3) ಪೇಟೆಂಟ್ ಸುರಕ್ಷತಾ ಪ್ರಮಾಣಪತ್ರವಲ್ಲ. 2022ರಲ್ಲಿ ವಿದ್ಯುತ್ ದ್ವಿಚಕ್ರ ವಾಹನಗಳಲ್ಲಿ ಸಂಭವಿಸಿದ ಬೆಂಕಿ ಅನಾಹುತಗಳ ತರುವಾಯ ಬ್ಯಾಟರಿ ಸುರಕ್ಷತೆಯ ಎಐಎಸ್-156 ಮಾನದಂಡವನ್ನು ಬಿಗಿಗೊಳಿಸಲಾಯಿತು. ಮಾನದಂಡದ ಪರೀಕ್ಷೆಯಲ್ಲಿ ಉತ್ತೀರ್ಣವಾದ ಬೋರ್ಡಿನಲ್ಲಿ ಹೊಸತೇನೂ ಇಲ್ಲದಿರಬಹುದು. ಪೇಟೆಂಟ್ ಪಡೆದ ಬೋರ್ಡೂ ಮಾನದಂಡದ ಪರೀಕ್ಷೆಗೆ ಒಳಪಡಲೇಬೇಕು.

10. ಶುಲ್ಕ ಮತ್ತು ನೆರವು

ವ್ಯಕ್ತಿಗಳು, ನವೋದ್ಯಮಗಳು, ಸಣ್ಣ ಘಟಕಗಳು ಹಾಗೂ ಶಿಕ್ಷಣ ಸಂಸ್ಥೆಗಳಿಗೆ ವಿದ್ಯುನ್ಮಾನ ವಿಧಾನದಲ್ಲಿ ಅರ್ಜಿ ಶುಲ್ಕ ರೂ. 1,600 ಹಾಗೂ ಸಾಮಾನ್ಯ ಪರೀಕ್ಷೆಯ ಕೋರಿಕೆಗೆ ರೂ. 4,000. ಇತರರಿಗೆ ಇವು ಕ್ರಮವಾಗಿ ರೂ. 8,000 ಮತ್ತು ರೂ. 20,000. ವಿವರಣಾ ಪತ್ರವು 30 ಪುಟ ಅಥವಾ 10 ಹಕ್ಕುಕೋರಿಕೆಗಳನ್ನು ಮೀರಿದರೆ ಹೆಚ್ಚುವರಿ ಶುಲ್ಕವಿರುತ್ತದೆ. ಪಾವತಿಗೆ ಮುನ್ನ ನಿಯಮಗಳ ಮೊದಲನೆಯ ಅನುಸೂಚಿಯನ್ನು ಪರಿಶೀಲಿಸತಕ್ಕದ್ದು.

ಪೇಟೆಂಟ್ ಏಜೆಂಟರನ್ನು ನೇಮಿಸಿಕೊಳ್ಳುವುದು ಕಡ್ಡಾಯವಲ್ಲ. ಆದರೆ ಹಕ್ಕುಕೋರಿಕೆಗಳ ರಚನೆಯಲ್ಲಿ ಅನುಭವಿಗಳ ನೆರವು ಪಡೆಯುವುದು ಹಿತಕರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಪೇಟೆಂಟ್ ಮಾಹಿತಿ ಕೇಂದ್ರವನ್ನು ಮಾರ್ಗದರ್ಶನಕ್ಕಾಗಿ ಸಂಪರ್ಕಿಸಬಹುದು.

ಸೂಚನೆ: ಈ ಪುಟದ ವಿವರಗಳು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಅಧಿನಿಯಮ ಮತ್ತು ನಿಯಮಗಳ ಮೂಲ ಪಾಠವೇ ಅಂತಿಮವಾಗಿರುತ್ತದೆ.