ಓದಿಸಿದ ಮುಯ್ಯಿ

ಕೌಲ್ ಬಜಾರಿನ ನಮ್ಮ ಓಣಿಯ ಮದುವೆಗಳಲ್ಲಿ ಮುಯ್ಯಿ ಓದಿಸುವ ರೂಢಿಯಿತ್ತು. ನೆರೆಯ ತೆಲುಗು ಮನೆಗಳಲ್ಲಿ ಅದೇ ಚದಿವಿಂಪುಲು. ಯಾರು ಏನು ಕೊಟ್ಟರೆಂದು ಕೂಗಿ ಹೇಳಿ ಬರೆದಿಡುವರು. ಅದು ಮುಂದೆ ತೀರಿಸಬೇಕಾದ ಋಣ. ಮಕ್ಕಳ ಹುಟ್ಟುಹಬ್ಬಕ್ಕೆ ಈ ಲೆಕ್ಕವಿರಲಿಲ್ಲ: ಎಣ್ಣೆಸ್ನಾನ, ಆರತಿ, ಪಾಯಸ, ಅಷ್ಟೆ.

ಕೇಕು, ಬಣ್ಣದ ಕಾಗದದ ಪೊಟ್ಟಣಗಳು ಬಂದದ್ದು ಅನಂತರ. ಅಮೆರಿಕದಲ್ಲಿ ಅವನ್ನು ಅತಿಥಿಗಳೆದುರೇ ಬಿಚ್ಚುವ ವಾಡಿಕೆ ಬಹಳ. ನಮ್ಮಲ್ಲಿ ಸಾಮಾನ್ಯವಾಗಿ ಅವರು ಹೋದ ಮೇಲೆ. ಆದರೆ 1978ರಲ್ಲಿ ಒಂದು ಮನೆಯ ಹಿರಿಯರು, ಮದುವೆಮನೆಯ ಅಭ್ಯಾಸಬಲದಿಂದಲೋ ಏನೋ, ಒಂದೊಂದೇ ಪೊಟ್ಟಣ ಬಿಚ್ಚಿ ಹೆಸರು ಸಹಿತ ಓದತೊಡಗಿದರು. ನನ್ನ ತರಗತಿಯ ಹುಡುಗನೊಬ್ಬ ಎರಡು ಪೆನ್ಸಿಲ್ ತಂದಿದ್ದ. ಸರದಿ ಬರುವ ಮೊದಲೇ ಚಪ್ಪಲಿ ಬಿಟ್ಟು ಓಡಿಹೋದ. ತಡೆಯಬಹುದಾಗಿದ್ದ ನಾನು ಸುಮ್ಮನೆ ಕುಳಿತಿದ್ದೆ. ಮರುದಿನ ಚಪ್ಪಲಿಗಳನ್ನು ಅವನ ಬೆಂಚಿನ ಕೆಳಗಿರಿಸಿದೆ, ಮಾತು ಹೊರಡಲಿಲ್ಲ.