ಎದೆಯ ಬಡಿತವೂ ಅರಿವಿನ ನೆಲೆಯೂ

ಯೋಗಿಗಳು ಹೃದಯವನ್ನೇ ನಿಲ್ಲಿಸಬಲ್ಲರು, ಇದನ್ನು ವಿಜ್ಞಾನವೂ ಒಪ್ಪಿದೆ ಎಂಬ ಮಾತನ್ನು ನಮ್ಮ ಗಡಿನಾಡಿನ ಧಾರ್ಮಿಕ ಸಭೆಗಳಲ್ಲಿ ನಾನು ಹಲವು ಸಲ ಕೇಳಿದ್ದೇನೆ. ವಿಜ್ಞಾನ ಓದುವ ನಮ್ಮ ಮಕ್ಕಳು ಇದಕ್ಕೆ ಆಧಾರವೇನೆಂದು ಕೇಳಿದರೆ ಉತ್ತರಿಸುವವರು ಕಡಿಮೆ. ಆಧಾರ ಸಿಗದ ಮಕ್ಕಳು ಹಿರಿಯರ ಚಿಂತನೆಯನ್ನೇ ಒಟ್ಟಾಗಿ ತಳ್ಳಿಹಾಕುತ್ತಾರೆ. ಆದುದರಿಂದ ಈ ಮಾತಿನ ಚರಿತ್ರೆಯನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು.

1935ರಲ್ಲಿ ಫ್ರಾನ್ಸಿನ ಹೃದಯತಜ್ಞೆ ಥೆರೇಸ್ ಬ್ರಾಸ್ ಇ.ಸಿ.ಜಿ. ಯಂತ್ರದೊಡನೆ ಭಾರತಕ್ಕೆ ಬಂದರು. ಅವರು ಪರೀಕ್ಷಿಸಿದವರಲ್ಲಿ ತಿರುಮಲೈ ಕೃಷ್ಣಮಾಚಾರ್ಯರೂ ಒಬ್ಬರು. 1888ರಲ್ಲಿ ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ ಹುಟ್ಟಿದ ಇವರು ಆಗ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸುತ್ತಿದ್ದರು. 1934ರಲ್ಲಿ ‘ಯೋಗ ಮಕರಂದ’ವನ್ನು ಕನ್ನಡದಲ್ಲಿಯೇ ಬರೆದವರು. ಯಂತ್ರದ ಗೆರೆ ಸೊನ್ನೆಯ ಹತ್ತಿರಕ್ಕೆ ಇಳಿದುದನ್ನು ಕಂಡು, ಹೃದಯ ಇಚ್ಛೆಗೆ ಒಳಪಟ್ಟಿದೆಯೆಂದು ಬ್ರಾಸ್ ತಿಳಿದರು. ಸುದ್ದಿ ಲೋಕವೆಲ್ಲ ಹಬ್ಬಿತು.

1957ರಲ್ಲಿ ಅಮೆರಿಕದಿಂದ ವೆಂಗರ್ ಮತ್ತು ಬಾಗ್ಚಿ ಬಂದರು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಬಿ.ಕೆ. ಆನಂದ್ ಜೊತೆಗೂಡಿದರು. ಹೃದಯವನ್ನೋ ನಾಡಿಯನ್ನೋ ಹತೋಟಿಯಲ್ಲಿಡುವೆವೆಂದ ನಾಲ್ವರನ್ನು ಪರೀಕ್ಷಿಸಿದರು, ಕೃಷ್ಣಮಾಚಾರ್ಯರೂ ಅವರಲ್ಲಿದ್ದರು. 1961ರಲ್ಲಿ ಪ್ರಕಟವಾದ ಫಲಿತಾಂಶ ಸ್ಪಷ್ಟ: ಯಾರ ಹೃದಯವೂ ನಿಂತಿರಲಿಲ್ಲ. ಉಸಿರು ಹಿಡಿದು ಎದೆ-ಹೊಟ್ಟೆಯ ಸ್ನಾಯುಗಳನ್ನು ಬಿಗಿದಾಗ ಎದೆಯೊಳಗಿನ ಒತ್ತಡ ಏರುತ್ತದೆ, ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ, ಮಣಿಕಟ್ಟಿನ ನಾಡಿ ಕೈಗೆ ಸಿಗುವುದಿಲ್ಲ. ಹೃದಯವಂತೂ ಬಡಿಯುತ್ತಲೇ ಇರುತ್ತದೆ. ಬ್ರಾಸ್ ಪ್ರಕಟಿಸಿದ್ದು ಒಂದೇ ಲೀಡಿನ ದಾಖಲೆ. ಹಲವು ಲೀಡುಗಳಲ್ಲಿ ನೋಡಿದಾಗ ನಿಜಸ್ಥಿತಿ ತಿಳಿಯಿತು. ಇದರಿಂದ ಆಚಾರ್ಯರಿಗೆ ಕುಂದೇನೂ ಬಂದಿಲ್ಲವೆಂಬುದು ನನ್ನ ಅಭಿಪ್ರಾಯ. ಹೃದಯ ನಿಲ್ಲಿಸುವುದು ಯೋಗದ ಗುರಿಯೆಂದು ಪತಂಜಲಿಯೂ ಹೇಳಿಲ್ಲವಲ್ಲ!

ಅದೇ 1961ರಲ್ಲಿ ಆನಂದ್, ಛೀನಾ, ಬಲದೇವ್ ಸಿಂಗ್ ಮೂವರು ಹೃದಯವನ್ನು ಬಿಟ್ಟು ಮಿದುಳಿನ ಕಡೆ ತಿರುಗಿದರು. ಯೋಗಿಗಳು ಸಮಾಧಿಯಲ್ಲಿದ್ದಾಗ ಬೆಳಕು ಮಿಂಚಿಸಿದರು, ದೊಡ್ಡ ಸದ್ದು ಮಾಡಿದರು, ಬಿಸಿ ಗಾಜಿನ ಕೊಳವೆ ತಾಗಿಸಿದರು. ಬೇರೆ ಹೊತ್ತಿನಲ್ಲಿ ಇಂಥ ತೊಂದರೆಗೆ ಮುರಿದುಹೋಗುವ ಆಲ್ಫಾ ಅಲೆ ಆಗ ಮುರಿಯಲಿಲ್ಲ. ಬೇರೆ ಇಬ್ಬರು 4 ಡಿಗ್ರಿ ಸೆಲ್ಸಿಯಸ್ ತಣ್ಣೀರಿನಲ್ಲಿ 45ರಿಂದ 55 ನಿಮಿಷ ಕೈಯಿಟ್ಟು ಕುಳಿತರು. ಅವರಲ್ಲಿಯೂ ಆಲ್ಫಾ ಅಲೆ ಉಳಿಯಿತು. ಪರೀಕ್ಷೆಗೆ ಒಳಗಾದವರು ಕೆಲವೇ ಜನ, ನಿಜ. ಆದರೂ ಸಭೆಯಲ್ಲಿ ಹೇಳಲು ಹೃದಯದ ಕತೆಗಿಂತ ಇದು ಎಷ್ಟೋ ಮೇಲು.

ಆದರೆ ಸುಮ್ಮನೆ ಕಣ್ಣು ಮುಚ್ಚಿ ಕುಳಿತವರಲ್ಲಿಯೂ ಆಲ್ಫಾ ಅಲೆ ಕಾಣುತ್ತದೆ. ಅಲೆಯೇ ಅರಿವಲ್ಲ. ಅರಿಯುವವನು ಯಾರು ಎಂಬ ಪ್ರಶ್ನೆ ಯಂತ್ರದ ಹೊರಗೆ ಉಳಿಯುತ್ತದೆ. ಹನ್ನೆರಡೇ ಮಂತ್ರಗಳ ಮಾಂಡೂಕ್ಯೋಪನಿಷತ್ತು ಎಚ್ಚರ, ಕನಸು, ಗಾಢನಿದ್ರೆಗಳನ್ನು ದಾಟಿ ನಾಲ್ಕನೆಯದೊಂದನ್ನು ಹೇಳುವುದು ಈ ಪ್ರಶ್ನೆಗಾಗಿಯೇ. ಎದ್ದವನು ‘ಸುಖವಾಗಿ ಮಲಗಿದ್ದೆ, ಏನೂ ತಿಳಿಯಲಿಲ್ಲ’ ಎನ್ನುತ್ತಾನೆ. ಏನೂ ತಿಳಿಯಲಿಲ್ಲವೆಂಬುದು ಅವನಿಗೆ ತಿಳಿದದ್ದು ಹೇಗೆ ಎಂದು ವೇದಾಂತಿಗಳು ಕೇಳುತ್ತಾರೆ. ತೋಟಕಾಚಾರ್ಯರ ಪರಂಪರೆಯ ಎಡನೀರು ಮಠವಿರುವ ನಮ್ಮ ಸೀಮೆಗೆ ಈ ವಿಚಾರ ಹೊಸತಲ್ಲ. 1994ರಲ್ಲಿ ಡೇವಿಡ್ ಚಾಲ್ಮರ್ಸ್ ಎಂಬ ತತ್ತ್ವಜ್ಞಾನಿ, ಮಿದುಳಿನ ಕೆಲಸವನ್ನೆಲ್ಲ ವಿವರಿಸಿದ ಮೇಲೂ ಅನುಭವವೇಕೆ ಇದೆಯೆಂಬುದು ಉಳಿಯುತ್ತದೆ ಎಂದು ಹೇಳಿ ಅದನ್ನು ‘ಕಠಿಣ ಸಮಸ್ಯೆ’ ಎಂದು ಕರೆದರು. ಎರಡೂ ಒಂದೇ ಎಂದು ನಾನು ಹೇಳಲಾರೆ, ನೆರೆಮನೆಯವು ಎನ್ನಬಹುದು.

ಇನ್ನು ಅನುಭವವನ್ನು ಒಳಗಿನಿಂದ ಬರೆದಿಟ್ಟವರ ಮಾತು. ಅಂಥವರೊಬ್ಬರು ನಮ್ಮ ಹೊಸದುರ್ಗದವರೇ. 1884ರಲ್ಲಿ ಹುಟ್ಟಿದ ವಿಠ್ಠಲ ರಾವ್ ಮುಂಬಯಿಯಲ್ಲಿ ಜವಳಿ ತಂತ್ರಜ್ಞಾನ ಕಲಿತು ಗಿರಣಿಗಳಲ್ಲಿ ದುಡಿದವರು. 1922ರ ಡಿಸೆಂಬರಿನಲ್ಲಿ ಮಂಗಳೂರಿನ ಮನೆ ಬಿಟ್ಟು ಹೊರಟು, ತಿರುವಣ್ಣಾಮಲೆಯಲ್ಲಿ ರಮಣರನ್ನು ಕಂಡು, ಅರುಣಾಚಲದ ಗುಹೆಯಲ್ಲಿಯೂ ಮುಂದೆ ಕದ್ರಿಯ ಗುಹೆಯಲ್ಲಿಯೂ ಜಪದಲ್ಲಿ ಕುಳಿತರು. 1931ರಲ್ಲಿ ಕಾಞಂಗಾಡಿನಲ್ಲಿ ಆನಂದಾಶ್ರಮ ಕಟ್ಟಿ, 1963ರಲ್ಲಿ ತೀರಿಕೊಂಡ ಸ್ವಾಮಿ ರಾಮದಾಸರು ಇವರೇ. ತಮ್ಮ ಅಲೆದಾಟವನ್ನು ಅವರು ಇಂಗ್ಲಿಷಿನಲ್ಲಿ ‘ಇನ್ ಕ್ವೆಸ್ಟ್ ಆಫ್ ಗಾಡ್’ ಎಂದು ಬರೆದರು. ರೈಲಿನಿಂದ ಇಳಿಸಿದ್ದು, ಹಸಿವು, ಚಳಿ ಎಲ್ಲ ಅದರಲ್ಲಿದೆ. ಆದರೆ ಅಲ್ಲಿ ಅವರು ತಮ್ಮನ್ನು ‘ನಾನು’ ಎಂದು ಕರೆದುಕೊಳ್ಳುವುದಿಲ್ಲ. ಹಸಿದವನು ರಾಮದಾಸ, ಚಳಿಗೆ ನಡುಗಿದವನು ರಾಮದಾಸ. ಬರೆಯುವವನು ಬದಿಯಲ್ಲಿ ನಿಂತು ಅವನನ್ನು ನೋಡುತ್ತಿದ್ದಾನೆ.